‘ಇವನಿಗೆ ಏನು ಬೇಕಂತೆ?’ – ಬೌದ್ಧಿಕ ವಿಕಲತೆ ಇರುವವರ ಹಕ್ಕು ಮತ್ತು ಊರಿನ ಬದುಕು: ಮನೆಯವರಿಗೆ ಒಂದು ಮಾರ್ಗದರ್ಶಿ

ನನ್ನ ತಮ್ಮನಿಗೆ ಈಗ 34 ವರ್ಷ. ಡೌನ್ ಸಿಂಡ್ರೋಮ್ ಇದೆ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಅವನನ್ನು ಕರೆದುಕೊಂಡು ಅಂಗಡಿಗೆ ಹೋದರೆ ಗಲ್ಲಾಪೆಟ್ಟಿಗೆಯ ಆಚೆಯಿಂದ ಯಾವಾಗಲೂ ಒಂದೇ ಪ್ರಶ್ನೆ ಬರುತ್ತಿತ್ತು. "ಅಕ್ಕಾ, ಇವನಿಗೆ ಏನು ಬೇಕಂತೆ?" ಅವನು ನನ್ನ ಪಕ್ಕದಲ್ಲೇ ನಿಂತು ಕಡಲೆಮಿಠಾಯಿ ಡಬ್ಬಿಯ ಮುಚ್ಚಳ ತಟ್ಟುತ್ತಿದ್ದ. ಆದರೂ ಪ್ರಶ್ನೆ ನನಗೆ. ಎಷ್ಟೋ ವರ್ಷ ನಾನೂ ಹಾಗೇ ಉತ್ತರ ಕೊಟ್ಟುಕೊಂಡು ಬಂದೆ. ಒಂದು ದಿನ ಮಾತ್ರ, ಯಾಕೋ ಗೊತ್ತಿಲ್ಲ, "ಅವನನ್ನೇ ಕೇಳಿ ಅಣ್ಣಾ" ಅಂದೆ. ಅಂಗಡಿಯವರು ಸ್ವಲ್ಪ ತಡೆದು ಅವನ ಕಡೆ ತಿರುಗಿದರು. ತಮ್ಮ ಎರಡು ಬೆರಳು ಎತ್ತಿ "ಎರ್ಡು" ಅಂದ. ಅಷ್ಟು ವರ್ಷವೂ ನಾನು ಒಂದೇ ಕೊಡಿಸುತ್ತಿದ್ದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಬಹಳ ಬದಲಾಗಿದೆ. ಕಾರ್ಡು, ಮಾಸಾಶನ, ಬ್ಯಾಂಕು, ಓಟು ಎಲ್ಲದರಲ್ಲೂ ಮೊದಲು ಅವನನ್ನು ಕೇಳುವ ಅಭ್ಯಾಸ ಮಾಡಿಕೊಂಡೆವು. ಆ ದಾರಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಆಟಿಸಂ (ಮಾತು, ಜನರ ಜೊತೆ ಬೆರೆಯುವ ರೀತಿ ಬೇರೆ ಇರುವುದು), ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ (ಮೈಕೈ ಆಡಿಸಲು ಕಷ್ಟವಾಗುವುದು) ಅಥವಾ ಬೇರೆ ಬೌದ್ಧಿಕ ವಿಕಲತೆ ಇರುವ ಮಗುವೋ ದೊಡ್ಡವರೋ ಇದ್ದರೆ ನಿಮಗೆ ಉಪಯೋಗಕ್ಕೆ ಬರಬಹುದು.

ಮೊದಲು ಎರಡು ಮಾತು ತಲೆಯಲ್ಲಿ ಇಟ್ಟುಕೊಳ್ಳಿ

ಬೌದ್ಧಿಕ ವಿಕಲತೆ ಅಂದರೆ ಕಲಿಯುವುದು, ಅರ್ಥ ಮಾಡಿಕೊಳ್ಳುವುದು ನಿಧಾನ ಇರುವುದು. ಇದು ಹುಚ್ಚು ಅಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ ಇರುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ, ಅಷ್ಟೇ. ಅಮ್ಮ ಗ್ರಹಣದ ದಿನ ಹೊರಗೆ ಬಂದಿದ್ದಕ್ಕೂ, ಯಾರೋ ಕಣ್ಣು ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಅಮ್ಮ ಆ ಮಾತು ಕೇಳಿ ಕೇಳಿ ಎಷ್ಟು ಅತ್ತಿದ್ದಾರೋ ನನಗೆ ಗೊತ್ತು. ಹಾಗೆ ಹೇಳುವವರಿಗೆ ನೀವು ಉತ್ತರ ಕೊಡುತ್ತಾ ಕೂರಬೇಕಾಗಿಲ್ಲ. ಆದರೆ ಅಮ್ಮನಾದವರಿಗೆ ಮನೆಯವರೇ ಬಾಯಿಬಿಟ್ಟು ಹೇಳಬೇಕು, ನಿನ್ನ ತಪ್ಪಲ್ಲ ಅಂತ.

ಎರಡನೆಯದು: ಕಾನೂನು ನಿಮ್ಮ ಕಡೆ ಇದೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ವಿಕಲತೆಗಳಿವೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಎಲ್ಲವೂ ಸೇರಿವೆ. ಅದರ 5ನೇ ಕಲಂ ಸಮುದಾಯದ ನಡುವೆ ಬದುಕುವ ಹಕ್ಕಿನ ಬಗ್ಗೆ ಇದೆ. ಇಂಥ ಕಡೆಯೇ ಇರಬೇಕು ಅಂತ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ. ಆಫೀಸಿಗೆ ಹೋದಾಗ "ಸ್ವಲ್ಪ ಸಹಾಯ ಮಾಡಿ ಸಾರ್" ಅಂತ ಕೈ ಮುಗಿಯುವುದು ನಮಗೆ ರೂಢಿ. ನಾವು ಕೇಳಲು ಹೋಗಿರುವುದು ಹಕ್ಕನ್ನು. ವಿನಯ ಇರಲಿ, ಬೇಡಿಕೊಳ್ಳುವುದು ಬೇಡ.

1. ಮಗು ಚಿಕ್ಕದಿದ್ದರೆ ಕಾಯಬೇಡಿ

"ಗಂಡು ಮಕ್ಕಳು ಮಾತಾಡೋದು ತಡ", "ಅವರಪ್ಪನೂ ಹಾಗೇ ಇದ್ದ" ಅನ್ನುವ ಮಾತಿಗೆ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಹೋಗಿಬಿಡುತ್ತದೆ. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತುಂಬಾ ತಡವಾದರೆ ತೋರಿಸಿ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಆಗಲೂ ತೋರಿಸಿ. ಏನೂ ಇಲ್ಲ ಅಂತಾದರೆ ಒಳ್ಳೆಯದೇ ಅಲ್ವಾ? ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವನ್ನು ಬುದ್ಧಿ ಇಲ್ಲದ ಮಗು ಅಂದುಕೊಂಡ ಮನೆಗಳಿವೆ.

ಎಲ್ಲಿಗೆ ಹೋಗಬೇಕು? ಅಂಗನವಾಡಿಯಿಂದಲೇ ಶುರು ಮಾಡಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಯಾವತ್ತು ಬರುತ್ತಾರೆ ಅಂತ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಬಾಯಿಮಾತಿನಲ್ಲಿ ಅದಕ್ಕೆ ಡಿಇಐಸಿ ಅಂತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್, ಈ ಎರಡು ಕಡೆಯೂ ಮಕ್ಕಳಿಗಾಗಿ ವಿಭಾಗಗಳಿವೆ.

ಡೌನ್ ಸಿಂಡ್ರೋಮ್ ಇದ್ದರೆ ಹೃದಯ, ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆ ಮರೆಯಬೇಡಿ. ಥೈರಾಯ್ಡನ್ನು ದೊಡ್ಡವರಾದ ಮೇಲೂ ಆಗಾಗ ನೋಡಿಸಬೇಕು. ನನ್ನ ತಮ್ಮ 27ನೇ ವಯಸ್ಸಿನಲ್ಲಿ ದಿನವಿಡೀ ಮಲಗಲು ಶುರು ಮಾಡಿದ. ಎಲ್ಲರೂ "ಸೋಮಾರಿತನ" ಅಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಡಿಮೆ ಇತ್ತು. ಒಂದು ಸಣ್ಣ ಮಾತ್ರೆ ಶುರುವಾದ ಮೇಲೆ ಎದ್ದು ಓಡಾಡಿದ.

ವಿಕಲತೆಯ ಪ್ರಮಾಣಪತ್ರ ಸಿಗಲಿ ಅಂತ ಕಾಯುತ್ತಾ ಮಗುವಿನ ಥೆರಪಿಯನ್ನು ತಡ ಮಾಡಬೇಡಿ. ಎರಡಕ್ಕೂ ಸಂಬಂಧ ಇಲ್ಲ.

2. ಯುಡಿಐಡಿ ಕಾರ್ಡು: ಒಂದು ದಿನದ ಕೆಲಸ ಅಂತ ಹೊರಡಬೇಡಿ

ಯುಡಿಐಡಿ ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. ಬೇರೆ ಎಲ್ಲ ಬಾಗಿಲಿಗೂ ಇದೇ ಕೀಲಿಕೈ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮೊಬೈಲಿನಲ್ಲಿ ಕಷ್ಟವಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಇರುತ್ತಾರೆ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು. ಇವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಯಾವ ಆಫೀಸಿನಲ್ಲಿ ಯಾವ ಕಿಟಕಿ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವರ ನಂಬರ್ ಇವತ್ತೇ ತೆಗೆದುಕೊಳ್ಳಿ.

ಆಧಾರ್, ವಿಳಾಸದ ದಾಖಲೆ, ಫೋಟೋ, ಇದುವರೆಗಿನ ಆಸ್ಪತ್ರೆ ಚೀಟಿಗಳು ಬೇಕು. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಬೌದ್ಧಿಕ ವಿಕಲತೆಗೆ ಎರಡು ಥರದ ಅಳತೆ ಇರುತ್ತದೆ. ಒಂದು ಬುದ್ಧಿಮಟ್ಟದ ಪರೀಕ್ಷೆ. ಇನ್ನೊಂದು ದಿನನಿತ್ಯದ ಕೆಲಸಗಳ ಪ್ರಶ್ನೆಗಳು: ತಾನೇ ಊಟ ಮಾಡ್ತಾನಾ, ಗುಂಡಿ ಹಾಕಿಕೊಳ್ತಾಳಾ, ದುಡ್ಡು ಗೊತ್ತಾ, ಒಬ್ಬನೇ ಬೀದಿ ದಾಟ್ತಾನಾ. ಆಟಿಸಂಗೆ 40 ಅಂಶಗಳ ಒಂದು ಭಾರತೀಯ ಮಾಪಕ ಇದೆ, ಅದನ್ನು ಐಎಸ್‌ಎಎ ಅಂತಾರೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಾವು ಎಡವಿದ್ದು ಇಲ್ಲೇ. ಮೊದಲ ಸಲ ತಮ್ಮನಿಗೆ ಏನೂ ಹೇಳದೆ ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋದೆವು. ಆಸ್ಪತ್ರೆ ವಾಸನೆ ಬಂದ ತಕ್ಷಣ ಇಂಜೆಕ್ಷನ್ ಅಂದುಕೊಂಡ. ಮೂರು ಗಂಟೆ ಬೆಂಚಿನ ಮೇಲೆ ಕಾದೆವು. ಒಳಗೆ ಕರೆಯುವ ಹೊತ್ತಿಗೆ ಹಸಿವು, ಭಯ ಎರಡೂ ಸೇರಿ ಮೇಜಿನ ಕೆಳಗೆ ಕೂತುಬಿಟ್ಟ. "ಕೋ-ಆಪರೇಟ್ ಮಾಡ್ತಿಲ್ಲ, ಇನ್ನೊಂದು ದಿನ ಬನ್ನಿ" ಅಂದರು. ಅದು ಅವನ ತಪ್ಪಾಗಿರಲಿಲ್ಲ.

ಎರಡನೇ ಸಲ ಹೋಗುವ ಮುಂಚೆ ಒಂದು ವಾರ ತಯಾರಿ ಮಾಡಿದೆವು. ಆಸ್ಪತ್ರೆಯ ಗೇಟಿನ ಫೋಟೋ ತೋರಿಸಿದೆ. "ಇಲ್ಲಿಗೆ ಹೋಗ್ತೀವಿ. ಒಬ್ಬರು ಮೇಡಂ ಪ್ರಶ್ನೆ ಕೇಳ್ತಾರೆ. ಚುಚ್ಚಲ್ಲ. ಆಮೇಲೆ ದೋಸೆ" ಅಂತ ದಿನಾ ರಾತ್ರಿ ಹೇಳಿದೆ. ಚಿತ್ರಾನ್ನದ ಡಬ್ಬಿ, ನೀರು, ಅವನಿಗೆ ಇಷ್ಟವಾದ ಹಳೇ ಕೀಚೈನು ಚೀಲದಲ್ಲಿತ್ತು. ಒಳಗೆ ಮೇಡಂ ನಾಣ್ಯಗಳನ್ನು ಮೇಜಿನ ಮೇಲೆ ಹರಡಿ ಐದು ರೂಪಾಯಿ ಯಾವುದು ಅಂತ ಕೇಳಿದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಅವನು ಪ್ರತಿ ನಾಣ್ಯವನ್ನೂ ತಿರುಗಿಸಿ ನೋಡಿ, ಒಂದನ್ನು ಎತ್ತಿ ಮೇಡಂ ಅಂಗೈಗೆ ಇಟ್ಟ. ಸರಿಯಾಗಿತ್ತೋ ತಪ್ಪಾಗಿತ್ತೋ ನನಗೆ ಕಾಣಿಸಲಿಲ್ಲ. ಮೇಡಂ ಅವನಿಗೆ "ಥ್ಯಾಂಕ್ಸ್ ಕಣಪ್ಪ" ಅಂದರು.

ಹಾಗಾಗಿ: ಉತ್ತರ ಹೇಳಿಕೊಡಬೇಡಿ, ಮೊದಲೇ ಬಾಯಿಪಾಠ ಮಾಡಿಸಬೇಡಿ. ಇನ್ನೊಂದು ಕಡೆ, ಕಷ್ಟಗಳನ್ನು ಮುಚ್ಚಿಡಲೂ ಬೇಡಿ. "ಎಲ್ಲಾ ಮಾಡ್ತಾಳೆ ಡಾಕ್ಟ್ರೇ" ಅಂತ ಮರ್ಯಾದೆಗೆ ಹೇಳಿಬಿಟ್ಟು ಶೇಕಡಾ 40ಕ್ಕಿಂತ ಕಡಿಮೆ ಬರೆಸಿಕೊಂಡು ಬಂದವರಿದ್ದಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಗಡಿ. ಈಗ ಬರುವ ಕಾರ್ಡಿನ ಬಣ್ಣವೂ ಅದನ್ನೇ ಹೇಳುತ್ತದೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40 ಅಥವಾ ಹೆಚ್ಚು, ಆದರೆ 80ಕ್ಕಿಂತ ಕಡಿಮೆ ಇದ್ದರೆ ಹಳದಿ, 80 ಅಥವಾ ಹೆಚ್ಚಿದ್ದರೆ ನೀಲಿ. ಯಾವ ಕೆಲಸ ತಾನೇ ಮಾಡುತ್ತಾಳೆ, ಯಾವುದಕ್ಕೆ ಪಕ್ಕದಲ್ಲಿ ಯಾರಾದರೂ ಇರಬೇಕು ಅಂತ ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಮಕ್ಕಳಿಗೆ ಕೊಡುವ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅವಧಿ ಇರುತ್ತದೆ. ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊಟ್ಟ ಪ್ರಮಾಣ ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿಗೆ ಅವಕಾಶ ಇದೆ. ಒಂದು ಸಲ ಸಿಕ್ಕ ಪ್ರಮಾಣಪತ್ರ ಇಡೀ ದೇಶಕ್ಕೆ ನಡೆಯುತ್ತದೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡದವರು ಊರಿಗೆ ವಾಪಸ್ ಬಂದರೆ ಮತ್ತೆ ಮೊದಲಿಂದ ಮಾಡಿಸಬೇಕಿಲ್ಲ.

3. ಕಾರ್ಡು ಬಂದ ಮೇಲೆ

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಬಸ್ ಪಾಸಿಗೆ ಸೇವಾ ಸಿಂಧು ಜಾಲತಾಣ. ರಿಯಾಯಿತಿ ಪಾಸ್ ಇದ್ದರೆ ಊರಿನಿಂದ 100 ಕಿಲೋಮೀಟರ್ ಒಳಗೆ ಸರ್ಕಾರಿ ಬಸ್ಸಿನಲ್ಲಿ ಓಡಾಡಬಹುದು. ಒಬ್ಬರೇ ಪ್ರಯಾಣ ಮಾಡಲು ಆಗದ ಬೌದ್ಧಿಕ ವಿಕಲಚೇತನರಿಗೆ ರೈಲಿನ ಸ್ಲೀಪರ್, ಥರ್ಡ್ ಎಸಿ ದರ್ಜೆಗಳಲ್ಲಿ ಶೇಕಡಾ 75 ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ ಸಿಗುತ್ತದೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ನಿರಾಮಯ ಆರೋಗ್ಯ ವಿಮೆ. ಕೇಂದ್ರದ ರಾಷ್ಟ್ರೀಯ ಟ್ರಸ್ಟ್ ನಡೆಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ, ಮೊದಲೇ ಇದ್ದ ಕಾಯಿಲೆ ಅಂತ ತಳ್ಳಿಹಾಕುವುದಿಲ್ಲ. ಥೆರಪಿ ಖರ್ಚಿಗೂ ಒಂದು ಭಾಗ ಇದೆ. ರಾಷ್ಟ್ರೀಯ ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆಗಳ ಮೂಲಕ ಮಾಡಿಸಬೇಕು. ಪ್ರತಿ ವರ್ಷ ನವೀಕರಿಸಬೇಕು, ಬಿಲ್ಲುಗಳನ್ನು ಎಸೆಯಬಾರದು.

ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಅವರನ್ನು ಅವಲಂಬಿಸಿರುವ ವಿಕಲಚೇತನರಿಗಾಗಿ 75,000 ರೂಪಾಯಿ ಕಡಿತ ಸಿಗುತ್ತದೆ. ವಿಕಲತೆ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000. ಗ್ರಾಮ ಪಂಚಾಯಿತಿ ತನ್ನ ನಿಧಿಯಲ್ಲಿ ಶೇಕಡಾ 5ನ್ನು ವಿಕಲಚೇತನರಿಗೆ ಇಡಬೇಕು. ಗ್ರಾಮಸಭೆಯಲ್ಲಿ ಎದ್ದು "ಆ ದುಡ್ಡು ಯಾವುದಕ್ಕೆ ಖರ್ಚಾಯಿತು?" ಅಂತ ಕೇಳಿ. ಸಭೆಗೆ ಮನೆಯ ಆ ವ್ಯಕ್ತಿಯನ್ನೂ ಕರೆದುಕೊಂಡು ಹೋಗಿ. ಅವರು ಅಲ್ಲಿ ಕೂತಿರುವಾಗ ಲೆಕ್ಕ ಕೇಳುವುದಕ್ಕೂ, ಇಲ್ಲದಾಗ ಕೇಳುವುದಕ್ಕೂ ವ್ಯತ್ಯಾಸ ಇದೆ.

4. ಶಾಲೆ

ತಮ್ಮನನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದಾಗ "ಬೇರೆ ಮಕ್ಕಳ ತಂದೆತಾಯಿ ಒಪ್ಪಲ್ಲ" ಅಂದಿದ್ದರು. ಆಗ ನಮ್ಮ ಕೈಯಲ್ಲಿ ಇಷ್ಟು ಗಟ್ಟಿಯಾದ ಕಾನೂನು ಇರಲಿಲ್ಲ. ಈಗ ಇದೆ. ಸರ್ಕಾರ ನಡೆಸುವ, ಅದರ ಅನುದಾನ ಪಡೆಯುವ ಅಥವಾ ಅದರ ಮಾನ್ಯತೆ ಇರುವ ಯಾವ ಶಾಲೆಯೂ ವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು. 2016ರ ಕಾಯ್ದೆಯ 16ನೇ ಕಲಂ ಹೇಳುವುದು ಅದನ್ನೇ. ಶೇಕಡಾ 40ರ ಮೇಲೆ ವಿಕಲತೆ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ಮಗುವಿನ ಕಡೆಯವರದು.

ಯಾರಾದರೂ ಬೇಡ ಅಂದರೆ ಜಗಳಕ್ಕೆ ಇಳಿಯಬೇಡಿ. "ಸರಿ ಸಾರ್, ಕಾರಣ ಬರೆದುಕೊಡಿ" ಅನ್ನಿ. ಬರೆದುಕೊಡಲು ಯಾರೂ ಮುಂದೆ ಬರುವುದಿಲ್ಲ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅನ್ನುವ ಸಮನ್ವಯ ಶಿಕ್ಷಣದ ಶಿಕ್ಷಕರಿರುತ್ತಾರೆ. ಶಾಲೆಗೆ ಬಂದು ಸಹಾಯ ಮಾಡುವುದು, ಶಾಲೆಗೆ ಬರಲು ಆಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆ ಮಾಡುವುದು ಅವರ ಕೆಲಸ.

ನನ್ನ ಅಭಿಪ್ರಾಯ ಕೇಳಿದರೆ, ಆಗುವಷ್ಟು ಕಾಲ ಬೀದಿಯ ಮಕ್ಕಳು ಹೋಗುವ ಶಾಲೆಗೇ ಕಳಿಸಿ. ಅಕ್ಷರಕ್ಕಿಂತ ಜಾಸ್ತಿ ಅಲ್ಲಿ ಸಿಗುವುದು ಪರಿಚಯ. ನನ್ನ ತಮ್ಮ ಕೊನೆಗೂ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷ ಕೂತ. ಓದಲು ಕಲಿತಿದ್ದು ಅವನ ಹೆಸರು ಮತ್ತು ಬಸ್ಸಿನ ಬೋರ್ಡು. ಆದರೆ ಆಗ ಪಕ್ಕದಲ್ಲಿ ಕೂತಿದ್ದ ಹುಡುಗ ಈಗ ಊರಿನಲ್ಲಿ ಆಟೋ ಓಡಿಸುತ್ತಾನೆ. ಎಲ್ಲಿ ಕಂಡರೂ "ಏನೋ ಮಗಾ" ಅಂತ ಮಾತಾಡಿಸದೆ ಮುಂದೆ ಹೋಗುವುದಿಲ್ಲ.

5. ಅಂಗಡಿ, ಬಸ್ಸು, ಮದುವೆಮನೆ

ಹಕ್ಕಿನ ಕಾಗದ ಎಷ್ಟೇ ಇದ್ದರೂ, ಊರಿನವರಿಗೆ ಮುಖಪರಿಚಯ ಇಲ್ಲದ ಮನುಷ್ಯ ಒಂಟಿಯೇ. ಅದಕ್ಕೇ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟಿದ್ದು ಇದಕ್ಕೆ. ತಮ್ಮ ಈಗ ದಿನಾ ಬೆಳಗ್ಗೆ ನಂದಿನಿ ಬೂತಿನಿಂದ ಹಾಲು ತರುತ್ತಾನೆ. ಅವನಿಗೆ ಅದನ್ನು ಕಲಿಸಲು ಎಂಟು ತಿಂಗಳು ಹಿಡಿಯಿತು. ಹೇಗೆ ಕಲಿಸಿದೆವು ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹಾಲಿನ ಬದಲು ಸೊಪ್ಪೋ ಪೇಪರೋ ಇರಬಹುದು.

ಒಂದೇ ಅಂಗಡಿ, ಒಂದೇ ಹೊತ್ತು, ಒಂದೇ ಸಾಮಾನು. ಮೊದಲ ತಿಂಗಳು ಇಬ್ಬರೂ ಹೋಗುತ್ತಿದ್ದೆವು. ಮಾತು ನಾನು ಆಡುತ್ತಿದ್ದೆ, ಪ್ಯಾಕೆಟ್ ಅವನು ಹಿಡಿಯುತ್ತಿದ್ದ. ಎರಡನೇ ತಿಂಗಳು ದುಡ್ಡು ಅವನ ಕೈಯಲ್ಲಿ, ಸರಿಯಾದ ಚಿಲ್ಲರೆ. ಆಮೇಲೆ ಮಾತೂ ಅವನದೇ. "ಎರ್ಡು ನೀಲಿ" ಅಂದರೆ ಸಾಕು, ಬೂತಿನ ಅಮ್ಮನಿಗೆ ಅರ್ಥವಾಗುತ್ತಿತ್ತು. ಅವರಿಗೆ ಮೊದಲೇ ಹೇಳಿಟ್ಟಿದ್ದೆ: "ಅವನು ಹೇಳೋದು ತಡ ಆಗುತ್ತೆ ಅಮ್ಮಾ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ." ಆ ಹತ್ತು ಎಣಿಕೆ ದೊಡ್ಡದು. ನಾವೆಲ್ಲ ಮೂರಕ್ಕೇ ಬಾಯಿ ಹಾಕುತ್ತೇವೆ.

ಆಮೇಲೆ ನಾನು ನಿಧಾನವಾಗಿ ಹಿಂದೆ ಸರಿದೆ. ಬೂತಿನ ಮುಂದಿನ ಹೊಂಗೆ ಮರದವರೆಗೆ, ಆಮೇಲೆ ತಿರುವಿನವರೆಗೆ, ಆಮೇಲೆ ನಮ್ಮ ಗೇಟಿನವರೆಗೆ. ಆರನೇ ತಿಂಗಳಲ್ಲಿ ಒಂದು ದಿನ ಅವನು ಬರಲಿಲ್ಲ. ಇಪ್ಪತ್ತು ನಿಮಿಷ ನನಗೆ ಜೀವವೇ ಇರಲಿಲ್ಲ. ಗಣಪತಿ ಪೆಂಡಾಲಿನ ಮುಂದೆ ನಿಂತು ಲೈಟು ಕಟ್ಟುವುದನ್ನು ನೋಡುತ್ತಿದ್ದ, ಹಾಲು ಕೈಯಲ್ಲೇ ಇತ್ತು. ಎಲ್ಲರೂ "ಇನ್ನು ಕಳಿಸಬೇಡ" ಅಂದರು. ಮಾರನೇ ದಿನವೂ ಕಳಿಸಿದೆ. ಬದಲಿಗೆ ದಾರಿಯ ನಾಲ್ಕು ಕಡೆ, ಅಂದರೆ ಟೈಲರ್, ಇಸ್ತ್ರಿ ಅಂಗಡಿ, ಗಿರಣಿ ಮತ್ತು ಮೂಲೆಮನೆ ಅಜ್ಜಿ, ಇವರಿಗೆಲ್ಲ ನನ್ನ ನಂಬರ್ ಕೊಟ್ಟೆ. ಅವನ ಜೇಬಿನಲ್ಲಿ ಹೆಸರು, ನಂಬರ್ ಇರುವ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟೆ. ಚೀಟಿಯಲ್ಲಿ ಮನೆವಿಳಾಸ ಪೂರ್ತಿ ಬರೆಯಬೇಡಿ, ನಂಬರ್ ಸಾಕು.

ಜಾತ್ರೆ, ಮದುವೆಯ ಬಗ್ಗೆ. ಆಟಿಸಂ ಇರುವ ಎಷ್ಟೋ ಜನಕ್ಕೆ ಪಟಾಕಿ, ವಾಲಗ, ಮೈಕಿನ ಸದ್ದು ಸಹಿಸಲು ಆಗುವುದಿಲ್ಲ. ಕಿವಿ ಮುಚ್ಚಿಕೊಂಡು ಕೂಗಿದರೆ ಅದು ಹಟ ಅಲ್ಲ, ನೋವು. ಕಿವಿಗೆ ಹಾಕುವ ಹೆಡ್‌ಫೋನ್ ಇಟ್ಟುಕೊಳ್ಳಿ. ಮುಹೂರ್ತದ ಗದ್ದಲ ಬಿಟ್ಟು ಹಿಂದಿನ ದಿನ ಚಪ್ಪರದ ಹೊತ್ತಿಗೆ ಹೋಗಿ, ಛತ್ರದಲ್ಲಿ ಸದ್ದಿಲ್ಲದ ಒಂದು ಕೋಣೆ ಯಾವುದು ಅಂತ ಮೊದಲೇ ನೋಡಿಡಿ. ಮತ್ತೆ, ಮದುವೆಗೆ ಕರೆಯಲು ಬಂದವರಿಗೆ ಒಂದು ಮಾತು. "ಮನೆಯವರೆಲ್ಲ ಬನ್ನಿ" ಅಂದಾಗ ಆ ‘ಎಲ್ಲ’ದಲ್ಲಿ ಅವನೂ ಇದ್ದಾನಾ ಅಂತ ಮನೆಯವರಿಗೆ ಅನುಮಾನ ಇರುತ್ತದೆ. ಅವನ ಹೆಸರು ಹಿಡಿದು, ಅವನ ಮುಖ ನೋಡಿ ಕರೆಯಿರಿ. ಅರಿಶಿನ ಕುಂಕುಮಕ್ಕೆ ಕರೆಯುವಾಗ ಮನೆಯ ಆ ಹುಡುಗಿಯನ್ನೂ ಕರೆಯಿರಿ.

34 ವರ್ಷದವನನ್ನು "ಪಾಪು", "ಮಗು ಥರ" ಅನ್ನಬೇಡಿ. ಅವನಿಗೆ ಮೀಸೆ ಇದೆ, ಸಿಟ್ಟು ಇದೆ, ಇಷ್ಟವಾದ ಕಟಿಂಗ್ ಇದೆ. ಕ್ಷೌರದ ಅಂಗಡಿಯಲ್ಲೂ ಅವನನ್ನೇ ಕೇಳಬೇಕು, ಎಷ್ಟು ಗಿಡ್ಡ ಅಂತ.

6. 18 ತುಂಬಿದಾಗ: ಗಾರ್ಡಿಯನ್ ಬೇಕಾ?

ಇದು ಬಹಳ ಗೊಂದಲದ ವಿಷಯ. 18 ತುಂಬಿದ ಮೇಲೆ ಅಪ್ಪ ಅಮ್ಮ ಕಾನೂನಿನ ಪ್ರಕಾರ ತಾನಾಗಿ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಹಾಗಂತ ಎಲ್ಲರಿಗೂ ಗಾರ್ಡಿಯನ್ ಬೇಕೇ ಬೇಕು ಅಂತಲೂ ಇಲ್ಲ. 2016ರ ಕಾಯ್ದೆಯ 13ನೇ ಕಲಂ ಪ್ರಕಾರ ವಿಕಲಚೇತನರು ಆಸ್ತಿ ಹೊಂದಬಹುದು, ಪಾಲು ಪಡೆಯಬಹುದು, ತಮ್ಮ ಹಣಕಾಸು ತಾವೇ ನೋಡಿಕೊಳ್ಳಬಹುದು. 14ನೇ ಕಲಂನಲ್ಲಿ ಸೀಮಿತ ಗಾರ್ಡಿಯನ್ ಅನ್ನುವ ದಾರಿ ಇದೆ. ಇಂಥ ಒಂದು ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ, ಆ ವ್ಯಕ್ತಿಯ ಜೊತೆ ಕೂತು ಇಬ್ಬರೂ ಸೇರಿ ತೀರ್ಮಾನ ಮಾಡುವುದು.

ಪೂರ್ತಿ ಗಾರ್ಡಿಯನ್ ಬೇಕಾದರೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಆಸ್ತಿ ಹೊಡೆಯಲು ಅಣ್ಣತಮ್ಮಂದಿರು ಗಾರ್ಡಿಯನ್ ಆಗುವ ಕಥೆಗಳನ್ನು ನೀವೂ ಕೇಳಿರುತ್ತೀರಿ. ಆ ಲೆಕ್ಕ ಇರುವುದು ಅದಕ್ಕೇ. ಗಾರ್ಡಿಯನ್ ಸರಿಯಾಗಿ ನೋಡಿಕೊಳ್ಳದಿದ್ದರೆ ತೆಗೆಯಲು ಸಮಿತಿಗೆ ಅರ್ಜಿ ಕೊಡಬಹುದು.

ಬ್ಯಾಂಕಿನಲ್ಲಿ ಕೆಲವೊಮ್ಮೆ ಕಾರ್ಡು ನೋಡಿದ ತಕ್ಷಣ "ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ" ಅಂತಾರೆ. ಮೊದಲು ಅವನ ಹೆಸರಿನಲ್ಲೇ ಸಾದಾ ಉಳಿತಾಯ ಖಾತೆ ಕೇಳಿ. ಹತ್ತು ವರ್ಷ ದಾಟಿದ ಮಗುವಿಗೇ ಖಾತೆ ನಡೆಸಲು ಅವಕಾಶ ಕೊಡುವ ಬ್ಯಾಂಕು, ದುಡ್ಡು ಹಾಕುವುದು ತೆಗೆಯುವುದು ಅಂದರೇನು ಅಂತ ಗೊತ್ತಿರುವ ದೊಡ್ಡ ಮನುಷ್ಯನಿಗೆ ಯಾಕೆ ಕೊಡಬಾರದು? ಅದು ಆಗದಷ್ಟು ಕಷ್ಟ ಇದ್ದಾಗ, ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಗಾರ್ಡಿಯನ್ ಪ್ರಮಾಣಪತ್ರವನ್ನು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಕೋರ್ಟಿನಿಂದಲೇ ತರಬೇಕಿಲ್ಲ.

7. ಓಟು

"ಅವನಿಗೇನು ಗೊತ್ತಾಗುತ್ತೆ" ಅನ್ನುತ್ತಾರೆ. ಮತಪಟ್ಟಿಯಿಂದ ಹೆಸರು ಹೊರಗಿಡಬೇಕಾದರೆ ಆ ವ್ಯಕ್ತಿ ಅಸ್ವಸ್ಥಚಿತ್ತ ಅಂತ ಅಧಿಕಾರವುಳ್ಳ ನ್ಯಾಯಾಲಯವೇ ಘೋಷಿಸಿರಬೇಕು. ಯುಡಿಐಡಿ ಕಾರ್ಡು ಇದೆ ಅನ್ನುವ ಕಾರಣಕ್ಕೆ ಯಾರೂ ಓಟು ಕಳೆದುಕೊಳ್ಳುವುದಿಲ್ಲ. ಹೆಸರು ಸೇರಿಸಲು ನಮೂನೆ 6. ಈಗಾಗಲೇ ಇದ್ದರೆ ವಿಕಲಚೇತನ ಅಂತ ಗುರುತು ಮಾಡಿಸಲು ನಮೂನೆ 8.

ತಮ್ಮನಿಗೆ ನಾವು ಮನೆಯಲ್ಲಿ ರಟ್ಟಿನ ಮೇಲೆ ಚಿಹ್ನೆ ಅಂಟಿಸಿ, ಪಕ್ಕದಲ್ಲಿ ನೀಲಿ ಗುಂಡಿ ಬರೆದು ತೋರಿಸಿದೆವು. ಒಂದು ಸಲ ಒತ್ತಬೇಕು, ಬೀಪ್ ಬರುವವರೆಗೆ ನಿಲ್ಲಬೇಕು. ಪಕ್ಕದ ಪೆಟ್ಟಿಗೆಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ. ಯಾವ ಚಿಹ್ನೆ ಅಂತ ಹೇಳಿಕೊಡಬಾರದು ಅಂತ ಅಪ್ಪನಿಗೆ ಮೊದಲೇ ಆಣೆ ಹಾಕಿಸಿದ್ದೆ. ಯಾರಿಗೆ ಹಾಕಿದ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಕೇಳಿದರೆ ಶಾಯಿ ಬೆರಳು ತೋರಿಸುತ್ತಾನೆ.

8. ಕೆಲಸ

ಸರ್ಕಾರಿ ಕೆಲಸಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇಕಡಾ 4 ಮೀಸಲು. ಅದರಲ್ಲಿ ಶೇಕಡಾ 1 ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಕಲತೆ ಇರುವವರಿಗೆ. ಹುದ್ದೆಗಳು ಕಡಿಮೆ, ಆದರೂ ಅರ್ಜಿ ಹಾಕುವವರು ಹಾಕುತ್ತಲೇ ಇರಬೇಕು.

ಹೊರಗೆ ಏನು ಸಾಧ್ಯ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2017ರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ಮಿಟ್ಟಿ ಕೆಫೆ ಶುರು ಮಾಡಿದರು. ಕೆಲಸ ಮಾಡುವವರು ವಿಕಲಚೇತನರು, ಬೌದ್ಧಿಕ ವಿಕಲತೆ ಇರುವವರೂ ಸೇರಿ. 2023ರಲ್ಲಿ ಅದರ ಒಂದು ಶಾಖೆ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೇ ತೆರೆಯಿತು. ಬೆಂಗಳೂರಿನ ಅಂಬಾ ಸಂಸ್ಥೆ ಬೌದ್ಧಿಕ ವಿಕಲತೆ ಇರುವ ದೊಡ್ಡವರಿಗೆ ಕಂಪ್ಯೂಟರಿನಲ್ಲಿ ಡೇಟಾ ಎಂಟ್ರಿ ಕಲಿಸುತ್ತದೆ.

ಸಣ್ಣ ಊರಿನಲ್ಲಿ ಅಂಥದ್ದು ಸಿಗದಿರಬಹುದು. ಪರಿಚಯದ ಅಂಗಡಿಯಲ್ಲಿ ದಿನಕ್ಕೆ ಎರಡು ಗಂಟೆ ಕವರ್ ಕಟ್ಟುವುದು, ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಬೇಕರಿಯಲ್ಲಿ ಟ್ರೇ ಒರೆಸುವುದು ಹೀಗೆ ಶುರು ಮಾಡಿ. ಆದರೆ ಕೂಲಿ ಕೇಳಿ. "ಅವನಿಗೆ ಟೈಂಪಾಸ್ ಆಗುತ್ತಲ್ಲಾ" ಅಂತ ಟೀ ಬನ್ನು ಕೊಟ್ಟು ವರ್ಷಗಟ್ಟಲೆ ದುಡಿಸಿಕೊಳ್ಳುವುದು ಅನ್ಯಾಯ. ಆ ದುಡ್ಡು ಅವನ ಖಾತೆಗೇ ಹೋಗಲಿ, ಒಂದಿಷ್ಟು ಅವನ ಜೇಬಿಗೆ. ಏನು ತಗೋಬೇಕು ಅಂತ ಅವನೇ ಹೇಳಲಿ.

9. ಯಾರಾದರೂ ನೋಯಿಸಿದರೆ

ಮೈಯ ಭಾಗಗಳ ಹೆಸರನ್ನು ನೇರವಾಗಿ ಕಲಿಸಿ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ "ಮುಟ್ಟಲಾ?" ಅಂತ ನೀವೇ ಕೇಳಿ. ಮನೆಯಲ್ಲಿ ಯಾರೂ ಕೇಳದೆ ಮುಟ್ಟುತ್ತಿದ್ದರೆ, ಹೊರಗಿನವರು ಮುಟ್ಟಿದಾಗ ಬೇಡ ಅನ್ನಬಹುದು ಅಂತ ಅವಳಿಗೆ ಗೊತ್ತಾಗುವುದಾದರೂ ಹೇಗೆ? ಮುಟ್ಟು ಬಂದ ಮೇಲೆ "ತೊಂದರೆ ಬೇಡ" ಅಂತ ಗರ್ಭಕೋಶ ತೆಗೆಸುವ ಮಾತು ಕೆಲವು ಮನೆಗಳಲ್ಲಿ ಬರುತ್ತದೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಪ್ಯಾಡ್ ಬದಲಿಸುವುದನ್ನು ಗೊಂಬೆ ಇಟ್ಟುಕೊಂಡು, ಕೆಂಪು ಬಣ್ಣ ಹಾಕಿ, ತಿಂಗಳುಗಟ್ಟಲೆ ಹೇಳಿಕೊಟ್ಟು ಕಲಿಸಿದ ಅಮ್ಮಂದಿರನ್ನು ನಾನು ನೋಡಿದ್ದೇನೆ. 2009ರಲ್ಲಿ ಚಂಡೀಗಢದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೌದ್ಧಿಕ ವಿಕಲತೆ ಇದ್ದ ಯುವತಿಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಅಂತ ಹೇಳಿತು. ಅವಳ ದೇಹದ ವಿಷಯದಲ್ಲೂ ಅವಳನ್ನೇ ಕೇಳಬೇಕು.

ತುರ್ತಿಗೆ 112. ಮಕ್ಕಳಾದರೆ 1098. ಎಲ್ಲರ ಮುಂದೆ ಬೇಕಂತಲೇ ಅವಮಾನ ಮಾಡುವುದು, ಹೊಡೆಯುವುದು, ಲೈಂಗಿಕವಾಗಿ ಬಳಸಿಕೊಳ್ಳುವುದು ಇಂಥವಕ್ಕೆ 2016ರ ಕಾಯ್ದೆಯ 92ನೇ ಕಲಂ ಅಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ವಿಕಲಚೇತನರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ನಂಬರ್ 15100. ಶಾಲೆ, ಬ್ಯಾಂಕು, ಇಲಾಖೆಗಳ ತಾರತಮ್ಯದ ಬಗ್ಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು.

10. ನಾವಿಲ್ಲದ ಮೇಲೆ

ಎಲ್ಲ ಅಪ್ಪ ಅಮ್ಮಂದಿರೂ ರಾತ್ರಿ ನಿದ್ದೆ ಬಾರದೆ ಯೋಚಿಸುವುದು ಇದನ್ನೇ. ಮೂರು ಕೆಲಸ ಬೇಗ ಮಾಡಿ. ಒಂದು, ಉಯಿಲು. ಅವನ ಪಾಲು ಯಾವುದು, ಯಾರು ನೋಡಿಕೊಳ್ಳಬೇಕು ಅಂತ ಹೆಸರು ಹಾಕಿ ಬರೆಸಿ. ಎರಡು, ಅಪ್ಪನೋ ಅಮ್ಮನೋ ಸರ್ಕಾರಿ ನೌಕರರಾಗಿದ್ದರೆ, ವಿಕಲಚೇತನ ಮಕ್ಕಳಿಗೆ ಕುಟುಂಬ ಪಿಂಚಣಿ ಬರುವಂತೆ ಸೇವಾ ದಾಖಲೆಯಲ್ಲಿ ಹೆಸರು ಸೇರಿಸಿ. ಮೂರು, ಒಂದು ನೋಟ್‌ಬುಕ್. ಯಾವ ಮಾತ್ರೆ, ಯಾವುದಕ್ಕೆ ಭಯ, ಯಾವ ಹಾಡಿಗೆ ಸಮಾಧಾನ, ಹೊಟ್ಟೆನೋವಾದರೆ ಹೇಗೆ ತೋರಿಸುತ್ತಾನೆ, ಯಾರ ಮನೆಗೆ ಹೋಗಲು ಇಷ್ಟ. ಅಮ್ಮನ ತಲೆಯಲ್ಲಿ ಮಾತ್ರ ಇರುವುದೆಲ್ಲ ಆ ಪುಸ್ತಕಕ್ಕೆ ಬರಬೇಕು.

ನಮ್ಮ ಮನೆಯಲ್ಲಿ ಉಯಿಲಿನ ಮಾತು ಬಂದಾಗ ನಾನು ತಮ್ಮನನ್ನು ಬೆಂಗಳೂರಿಗೆ, ನಾನು ಈಗ ಇರುವ ಮನೆಗೆ ಕರೆದುಕೊಂಡು ಹೋಗುವುದು ಅಂತ ಎಲ್ಲರೂ ಒಪ್ಪಿದ್ದೆವು. ವಕೀಲರೂ ಬರೆದುಕೊಂಡಿದ್ದರು. ಅವನು ಅಲ್ಲೇ ಜಗುಲಿಯ ಮೇಲೆ ಕೂತಿದ್ದ. ಅಮ್ಮನಿಗೇ ಹೊಳೆಯಿತು, "ಅವನನ್ನೇ ಕೇಳೋಣ ಕಣೇ" ಅಂದರು. ಕೇಳಿದೆವು. ಹತ್ತು ಎಣಿಸುವಷ್ಟು ಹೊತ್ತು ಕಾದೆವು. "ಇಲ್ಲೇ" ಅಂದ. ಆಮೇಲೆ ಬೂತಿನ ಕಡೆ ಕೈ ತೋರಿಸಿ, "ಹಾಲು ಯಾರ್ ತರ್ತಾರೆ?" ಅಂದ.

ವಕೀಲರು ಆ ಹಾಳೆ ಹರಿದು ಹೊಸದಾಗಿ ಬರೆದರು. ಮನೆ ಅವನ ಹೆಸರಿಗೆ. ಮುಂದಿನ ಕೋಣೆಯಲ್ಲಿ ಚಿಕ್ಕಪ್ಪನ ಮಗ ಮತ್ತು ಅವನ ಹೆಂಡತಿ ಇರುತ್ತಾರೆ, ಅವರನ್ನು ಆರಿಸಿದ್ದೂ ತಮ್ಮನೇ. ನಾನು ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ.